ಪತ್ತೇದಾರನ ಕೈಗೆ ಬಂದ ತೆಂಗಿನಕಾಯಿ

ಹೋದ ಸೋಮವಾರ ಗುಂಡ್ಲುಪೇಟೆಯ ಒಂದು ಮನೆಯ ಜಗಲಿಯಲ್ಲಿ ನಿಂತು, ಎರಡೂ ಕೈ ಚಾಚಿ, ನಾನೊಂದು ತೆಂಗಿನಕಾಯಿ ತೆಗೆದುಕೊಂಡೆ.

ಅಷ್ಟೇ ಮಾಡಿದ್ದು. ಮಗಳ ಮದುವೆ ನಿಶ್ಚಯವಾಗಿಹೋಯಿತು.

ಮಗಳು ಸಿಂಚನ ಆ ಹೊತ್ತಿಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಬಿಳಿ ಕೋಟು ತೊಟ್ಟು ಏನನ್ನೋ ಟೆಸ್ಟ್ ಮಾಡುತ್ತಿದ್ದಳು. ತನ್ನ ಮದುವೆ ಗಟ್ಟಿಯಾದ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಅವಳ ಮಾತು ಬಿಡಿ, ಕಾಯಿ ಹಿಡಿದು ನಿಂತಿದ್ದ ನನಗೇ ಮುಟ್ಟಿರಲಿಲ್ಲ!

ಇದಕ್ಕೆಲ್ಲ ಕಾರಣ ಒಂದು ಟೀವಿ ಧಾರಾವಾಹಿ. ಸರಿಯಾಗಿ ಹೇಳಬೇಕೆಂದರೆ, ಧಾರಾವಾಹಿಯ ರೀಮೇಕು.

ನನ್ನ ಓರಗೆಯವರಿಗೆ ‘ಪತ್ತೇದಾರ ಪಶುಪತಿ’ ನೆನಪಿರಬಹುದು. ನಾನು ಉಮ್ಮತ್ತೂರಿನಲ್ಲಿ ಹೈಸ್ಕೂಲು ಓದುವಾಗ ವಾರಕ್ಕೊಮ್ಮೆ ಬರುತ್ತಿತ್ತು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ, ಅದು ಅಕ್ಕಿ ಗಿರಣಿಯವರ ಮನೆಯಲ್ಲಿ. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು. ಕೆಳಗಿನಿಂದ ಇನ್ನೊಬ್ಬ ‘ಬಂತು ಬಂತು, ಓಯ್ತು ಓಯ್ತು’ ಎಂದು ಕೂಗಬೇಕು. ಮೇಲೆ ಹತ್ತಿದವನಿಗೆ ಆ ವಾರದ ಕೊಲೆಗಾರ ಯಾರೆಂಬುದು ಮರುದಿನ ಸ್ಕೂಲಿನಲ್ಲೇ ಗೊತ್ತಾಗುತ್ತಿದ್ದದ್ದು.

ಪಶುಪತಿ ಅಂದರೆ ಏನು ಅಂದುಕೊಂಡಿರಿ? ಬಡಕಲು ಆಳು. ಪಂಚೆ, ಕರಿಕೋಟು, ಕಂಕುಳಲ್ಲಿ ಕೊಡೆ. ಕೊಲೆಯಾದ ಮನೆಗೆ ಬರುತ್ತಿದ್ದ, ಜಗಲಿಯಲ್ಲಿ ಕೂರುತ್ತಿದ್ದ, ‘ಒಂದ್ ಲೋಟ ಕಾಫಿ ಸಿಕ್ಕತ್ತಾ ತಾಯಿ?’ ಎನ್ನುತ್ತಿದ್ದ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಬೂಟು ಕುಟ್ಟುತ್ತಾ ಬಂದು ದೊಡ್ಡ ದೊಡ್ಡ ಥಿಯರಿ ಹೇಳುತ್ತಿದ್ದ. ಕೊಲೆಗಾರ ಮುಂಬಯಿಗೆ ಓಡಿಹೋಗಿದ್ದಾನೆ, ಕಳ್ಳಸಾಗಣೆಯವರ ಕೈವಾಡವಿದೆ, ಹೀಗೆ. ಪಶುಪತಿ ಎಲ್ಲ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದ.

‘ಮೊದ್ಲು ಮನೆಯವ್ರನ್ನ ಕೇಳಿದ್ರಾ?’

ಇನ್ಸ್‌ಪೆಕ್ಟರ್ ಕೇಳಿರುತ್ತಿರಲಿಲ್ಲ. ಯಾವ ವಾರವೂ ಕೇಳಿರುತ್ತಿರಲಿಲ್ಲ. ಗಿರಣಿಯವರ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ನಾವೆಲ್ಲ ಒಟ್ಟಿಗೆ ಆ ಡೈಲಾಗ್ ಹೊಡೆಯುತ್ತಿದ್ದೆವು. ಸ್ಕೂಲಿನಲ್ಲಿ ಡಸ್ಟರ್ ಕಳೆದರೂ ಅದೇ ಡೈಲಾಗು. ಮೇಷ್ಟ್ರಿಂದ ಏಟು ತಿಂದದ್ದೂ ಉಂಟು.

ಈಗ ಅದೇ ಪಶುಪತಿ ಓಟಿಟಿಯಲ್ಲಿ ವಾಪಸ್ ಬಂದಿದ್ದಾನೆ. ಜಾಹೀರಾತು ನೋಡಿದ ದಿನದಿಂದ ನಾನು ಮನೆಯವರ ತಲೆ ತಿಂದೆ. ‘ನೋಡ್ತಾ ಇರಿ, ಯಾವ ಎಪಿಸೋಡಲ್ಲಿ ಯಾರು ಕೊಲೆಗಾರ ಅಂತ ನಾನು ಮೊದಲನೇ ಸೀನಲ್ಲೇ ಹೇಳ್ತೀನಿ’ ಎಂದು ಎದೆ ತಟ್ಟಿಕೊಂಡೆ. ಹೆಂಡತಿ ಗಿರಿಜ, ಮಗಳು ಸಿಂಚನ, ನಾನು ಮೂವರೂ ಸಂಜೆ ಕಾಫಿ ಹಿಡಿದು ಕೂತೆವು.

ನೋಡಿದರೆ ಏನಿದೆ? ಪಶುಪತಿಗೆ ಜಿಮ್ ಬಾಡಿ! ಮೊಣಕಾಲಿನವರೆಗೂ ಇಳಿಬಿದ್ದ ಕೋಟು. ಕೊಡೆಯ ಜಾಗದಲ್ಲಿ ಡ್ರೋನು. ಹಳೆಯ ಪಶುಪತಿಗೆ ಹೆಂಡತಿಯೂ ಇದ್ದಳು, ಹೊತ್ತಿಗೆ ಸರಿಯಾಗಿ ನಿದ್ದೆಯೂ ಬರುತ್ತಿತ್ತು. ಹೊಸಬನಿಗೆ ಎರಡೂ ಇಲ್ಲ. ಇಡೀ ಧಾರಾವಾಹಿ ಕರೆಂಟು ಹೋದ ಮನೆಯಲ್ಲಿ ತೆಗೆದ ಹಾಗಿದೆ. ಕೊಲೆಯಾದದ್ದು ಯಾರು ಎಂದು ಗೊತ್ತಾಗುವುದಕ್ಕೇ ನನಗೆ ಅರ್ಧ ಎಪಿಸೋಡು ಹಿಡಿಯಿತು.

‘ಅಯ್ಯೋ ಪಾಪ, ಇವನಿಗೆ ಊಟಕ್ಕಿಕ್ಕೋರು ಯಾರೂ ಇಲ್ವಾ?’ ಎಂದು ಅವರೆಕಾಯಿ ಸುಲಿಯುತ್ತಾ ಗಿರಿಜ ಕೇಳಿದಳು.

ಹೊಸ ಪಶುಪತಿ ಯಾರ ಮನೆಯ ಜಗಲಿಯಲ್ಲೂ ಕೂರುವುದಿಲ್ಲ. ಕಾಫಿ ಕೇಳುವುದಿಲ್ಲ. ಯಾರನ್ನೂ ಏನನ್ನೂ ಕೇಳುವುದೇ ಇಲ್ಲ. ವೇಷ ಹಾಕುತ್ತಾನೆ, ಹಿಂಬಾಲಿಸುತ್ತಾನೆ, ಜನರ ಚಪ್ಪಲಿಯ ಮಣ್ಣು ನೋಡಿ ಊರು ಹೇಳುತ್ತಾನೆ. ಆ ಹಳೆಯ ಡೈಲಾಗನ್ನಂತೂ ಕಿತ್ತೇ ಹಾಕಿದ್ದಾರೆ.

ನಾನು ರೀಮೇಕನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ಎಲ್ಲ ಎಪಿಸೋಡನ್ನೂ ನೋಡಿ ಮುಗಿಸಿದೆ. (ಕೊಲೆಗಾರರನ್ನು ಮೊದಲೇ ಹೇಳುವ ವಿಚಾರ ಏನಾಯಿತು ಎಂದು ದಯವಿಟ್ಟು ಕೇಳಬೇಡಿ. ಒಂದೂ ಸರಿಹೋಗಲಿಲ್ಲ. ಎಲ್ಲ ಕೊಲೆಗಾರರನ್ನೂ ಬದಲಾಯಿಸಿದ್ದಾರೆ.)

ಇದೇ ಸಮಯಕ್ಕೆ ಗುಂಡ್ಲುಪೇಟೆಯಿಂದ ಒಂದು ಸಂಬಂಧ ಬಂತು.

ಹುಡುಗನ ಹೆಸರು ನಂದೀಶ. ಡ್ರಿಪ್ ಪೈಪಿನ ಅಂಗಡಿ, ಜೊತೆಗೆ ಮನೆಯ ಬೇಸಾಯ. ಪರಿಚಯದವರು ತಂದ ಸಂಬಂಧ. ಫೋಟೋ ಬಂತು, ಗಿರಿಜಾಳಿಗೆ ಹಿಡಿಸಿತು. ಸಿಂಚನಾಳೂ ಫೋಟೋವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು ಎಂದು ಗಿರಿಜಾಳ ವರದಿ.

‘ನಾನು ಅವರ ಹತ್ರ ಒಂದ್ ಸಲ ಮಾತಾಡ್ಬೇಕಪ್ಪ. ಆಮೇಲೆ ಹೇಳ್ತೀನಿ. ಅಲ್ಲಿವರೆಗೂ ಯಾರೂ ಏನೂ ಹೇಳ್ಬೇಡಿ’ ಎಂದಳು ಸಿಂಚನ.

ಎಷ್ಟು ಸರಳವಾದ ಮಾತು! ಆದರೆ ನಾನು ಹೆಣ್ಣು ಹೆತ್ತವನಲ್ಲವೇ? ‘ಮಾತಾಡುವಿಯಂತೆ ಬುಡು. ಮೊದ್ಲು ನಾನು ವಿಚಾರಿಸ್ತೀನಿ’ ಎಂದೆ.

ವಿಚಾರಿಸುವುದು! ನಮ್ಮ ಕಡೆ ಇದೊಂದು ದೊಡ್ಡ ಇಲಾಖೆ. ಹುಡುಗನ ಊರಿಗೆ ಹೋಗಿ, ಟೀ ಅಂಗಡಿ, ಕ್ಷೌರದ ಅಂಗಡಿ, ಬಸ್ ಸ್ಟ್ಯಾಂಡು ಸುತ್ತಿ, ಕುಡಿಯುತ್ತಾನಾ, ಇಸ್ಪೀಟು ಆಡುತ್ತಾನಾ, ತಾಯಿಯ ಬಾಯಿ ಹೇಗೆ ಎಂದೆಲ್ಲ ತಿಳಿದುಕೊಂಡು ಬರುವುದು. ನನ್ನನ್ನೂ ಹಾಗೆಯೇ ವಿಚಾರಿಸಿದ್ದರು. ನನ್ನ ಮಾವನವರು ಉಮ್ಮತ್ತೂರಿಗೆ ಬಂದು, ಅಕ್ಕಿ ಗಿರಣಿ ಮುಂದೆ ಕೂತು, ‘ನಮ್ಮುಡ್ಗೀನ ಕೊಡನ ಅಂತಿದ್ದೀವಿ, ಎಂಗವ್ನೆ ಹುಡ್ಗ?’ ಎಂದು ನೇರವಾಗಿ ಕೇಳಿದ್ದರಂತೆ. ಊರವರು ‘ಬಾಯಿ ಜಾಸ್ತಿ, ಬೇರೇನೂ ದೋಷ ಇಲ್ಲ’ ಎಂದರಂತೆ. ಮಾವ ಹೆಣ್ಣು ಕೊಟ್ಟರು. ಗಿರಿಜ ಇವತ್ತಿಗೂ ಆ ವರದಿ ನಿಜವೆಂದು ಒಪ್ಪುತ್ತಾಳೆ, ಮೊದಲರ್ಧವನ್ನು.

ಆದರೆ ನಾನು ಹೊಸ ಪಶುಪತಿಯನ್ನು ನೋಡಿ ಮುಗಿಸಿದ್ದೆನಲ್ಲ? ನೇರವಾಗಿ ಕೇಳುವುದು ಹಳೇ ಕಾಲದ ಪದ್ಧತಿ ಅನ್ನಿಸಿತು. ಹೆಣ್ಣಿನ ಕಡೆಯವನು ಎಂದು ಗೊತ್ತಾದರೆ ಜನ ನಿಜ ಹೇಳುತ್ತಾರೆಯೇ? ವೇಷ ಬೇಕು!

ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಕಪ್ಪು ಕನ್ನಡಕ ಬೀರುವಿನಲ್ಲಿತ್ತು. ತಂಗಿಯ ಮಗ ಬಿಟ್ಟುಹೋಗಿದ್ದ ಕ್ರಿಕೆಟ್ ಟೋಪಿ ಇತ್ತು. ಉದ್ದನೆಯ ಕೋಟು ಇರಲಿಲ್ಲ, ಜರ್ಕಿನ್ ಹಾಕಿಕೊಂಡೆ. ಕತೆಯನ್ನೂ ಕಟ್ಟಿದೆ. ಓಣಂ ಹತ್ತಿರ ಬಂದಿದೆ, ಗುಂಡ್ಲುಪೇಟೆ ಸುತ್ತ ಚೆಂಡು ಹೂವಿನ ಹೊಲಗಳು ತುಂಬಿ ನಿಂತಿವೆ, ಕೇರಳದ ವ್ಯಾಪಾರಿಗಳು ಬಂದು ಹೋಗುತ್ತಿರುತ್ತಾರೆ. ನಾನು ಗಡಿಯಾಚೆಯ ಬತ್ತೇರಿಯಿಂದ ಬಂದ ಹೂವಿನ ವ್ಯಾಪಾರಿ. ಯಾರಿಗೆ ಅನುಮಾನ ಬರುತ್ತದೆ?

ಬೆಳಿಗ್ಗೆ ಸ್ನಾನ, ಶಿವಪೂಜೆ ಮುಗಿಸಿ, ನಾನು ಪಾಠ ಮಾಡುವ ಸ್ಕೂಲಿಗೆ ರಜೆ ಹಾಕಿ ನಮ್ಮ ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ಹೊರಟೆ. ಸಿಂಚನ ಆಗಲೇ ಕೆಲಸಕ್ಕೆ ಹೋಗಿದ್ದಳು. ಗಿರಿಜ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

‘ರೀ, ಹಾಗೇ ಹೋಗಿ ಕೇಳ್ಕಂಡ್ ಬರಬಾರದಾ?’

‘ನಿಂಗೆ ಗೊತ್ತಾಗಲ್ಲ ಸುಮ್ನಿರು’ ಎಂದೆ. ಪ್ರಪಂಚದಲ್ಲಿ ಗಂಡಂದಿರು ಮಾಡಿದ ಎಲ್ಲ ದೊಡ್ಡ ತಪ್ಪುಗಳೂ ಬಹುಶಃ ಈ ಮಾತಿನಿಂದಲೇ ಶುರುವಾಗಿವೆ.

ತೆರಕಣಾಂಬಿ ದಾಟುವವರೆಗೂ ಬಸ್ಸಿನಲ್ಲಿ ‘ಶೆರಿ, ಶೆರಿ’ ಎಂದು ಪ್ರಾಕ್ಟೀಸ್ ಮಾಡಿದೆ. ನನಗೆ ಬರುವ ಮಲಯಾಳಂ ಅಷ್ಟೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಗುಂಡ್ಲುಪೇಟೆಯಲ್ಲಿ ಹುಡುಗನ ಅಂಗಡಿಯ ಬೀದಿಯಲ್ಲೇ ಒಂದು ಟೀ ಅಂಗಡಿ ಹಿಡಿದು ಕೂತೆ. ಎದುರು ಬೆಂಚಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬರು ಮದ್ದೂರು ವಡೆ ತಿನ್ನುತ್ತಿದ್ದರು. ಹೆಸರು ಮಲ್ಲಪ್ಪ ಎಂದು ಆಮೇಲೆ ಗೊತ್ತಾಯಿತು. ನನ್ನನ್ನು ಒಂದು ಸಲ ನೋಡಿದರು, ವಡೆ ಕಟ್ಟಿಕೊಟ್ಟಿದ್ದ ಪೇಪರನ್ನು ಒಂದು ಸಲ ನೋಡಿದರು, ಮತ್ತೆ ನನ್ನನ್ನು ನೋಡಿದರು.

‘ಎಲ್ಲಿಂದ ಬಂದಿರದು ಸ್ವಾಮಿ?’

‘ಬತ್ತೇರಿಯಿಂದ. ಹೂವಿನ ವ್ಯಾಪಾರ. ಓಣಂಗೆ ಚೆಂಡು ಹೂವು ಬೇಕಾಗಿತ್ತು.’

‘ಕನ್ನಡ ಚೆಂದಾಗಿ ಆಡೀರಿ!’

‘ಶೆರಿ, ಶೆರಿ. ಚಿಕ್ಕಂದಿನಿಂದ ಈ ಕಡೆ ಓಡಾಟ’ ಎಂದೆ. ನನ್ನ ಅಭಿನಯಕ್ಕೆ ನಾನೇ ಬೆರಗಾದೆ. ನಂತರ ಬಹಳ ಜಾಣತನದಿಂದ ವಿಷಯಕ್ಕೆ ಬಂದೆ. ‘ಇಲ್ಲಿ ನಂದೀಶ ಅಂತ ಒಬ್ಬರದ್ದು ಹೂವಿನ ಹೊಲ ಅದ ಅಂತ ಕೇಳ್ದೆ. ಹುಡುಗ ಹೇಗೆ?’

‘ಹೂವು ಎಂಗೆ ಅಂತಲೋ, ಹುಡ್ಗ ಎಂಗೆ ಅಂತಲೋ?’

‘ವ್ಯವಹಾರ ಅಂದ ಮೇಲೆ ಆಸಾಮಿ ಹೇಗೆ ಅಂತ ತಿಳ್ಕಬೇಕಲ್ಲ. ಕುಡೀತಾನಾ?’

ಮಲ್ಲಪ್ಪನವರು ಗಂಭೀರವಾಗಿ ಯೋಚಿಸಿದರು. ‘ಕುಡೀತಾನೆ ಸ್ವಾಮಿ. ಸುಳ್ಯಾಕೇಳನ? ಊಟ ಆದ್ಮೇಲೆ ಒಂದ್ ಚೆಂಬು ಮಜ್ಜಿಗೆ ಕುಡೀದೆ ಏಳಕಿಲ್ಲ.’

ಆಮೇಲೆ ಅವರೇ, ‘ಬನ್ನಿ, ಹೊಲನೇ ನೋಡ್ಬುಡಿ. ನಂಗೆ ಬೇಕಾದವ್ರದೇ’ ಎಂದು ಬೈಕು ಹತ್ತಿಸಿಕೊಂಡರು. ಹತ್ತುವ ಮೊದಲು ಯಾರಿಗೋ ಫೋನು ಮಾಡಿ ಪಿಸುಪಿಸು ಏನೋ ಹೇಳಿದರು. ಹೊಸ ಪಶುಪತಿಯಾದರೆ ಆ ಫೋನಿನ ಜಾತಕವನ್ನೇ ಲ್ಯಾಪ್‌ಟಾಪಿನಲ್ಲಿ ಬಿಡಿಸುತ್ತಿದ್ದ. ನಾನು ಟೋಪಿ ಸರಿಮಾಡಿಕೊಂಡೆ.

ಊಟಿ ರಸ್ತೆಯ ಪಕ್ಕದ ಹೊಲ. ಕಣ್ಣು ಹಾಯುವಷ್ಟು ದೂರ ಹಳದಿ, ಕಿತ್ತಳೆ. ಕಾರು ನಿಲ್ಲಿಸಿ ಇಳಿದ ಟೂರಿಸ್ಟುಗಳು ಹೂವಿನ ನಡುವೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಮಲ್ಲಪ್ಪನವರು ಒಂದು ಹೂವು ಕಿತ್ತು ನನ್ನ ಕೈಗೆ ಕೊಟ್ಟರು. ವ್ಯಾಪಾರಿಯಾದವನು ಏನು ಮಾಡಬೇಕು? ತೂಕ ನೋಡಬೇಕು, ಎಸಳು ಬಿಡಿಸಬೇಕು, ರೇಟು ಕೇಳಬೇಕು. ನಾನು ಹೂವನ್ನು ಮೂಸಿ, ಜೇಬಿಗೆ ಹಾಕಿಕೊಂಡು, ‘ತಾಯಿ ಹೇಗೆ? ಜೋರಾ?’ ಎಂದು ಕೇಳಿದೆ.

‘ಹೊಲದ ತಾಯಾ?’

‘ಹುಡುಗನ ತಾಯಿ.’

‘ಓ! ತಾಯಿ ಇಲ್ಲ ಸ್ವಾಮಿ, ತೀರ್ಕಂಡ್ಳು. ಅಜ್ಜಿ ಸಾಕಿರದು. ಬನ್ನಿ, ಮನೆ ಇಲ್ಲೇ ಹತ್ರ. ಬಿಸ್ಲಲ್ಲಿ ಬಂದಿದ್ದೀರಿ, ಒಂದ್ ಗಳಿಗೆ ಕೂತ್ಕಂಡು ಓಗಿ.’

ಯಾರ ಮನೆ ಎಂದು ನಾನು ಕೇಳಲಿಲ್ಲ. ಮಲ್ಲಪ್ಪನವರದ್ದೇ ಇರಬೇಕು ಎಂದುಕೊಂಡೆ. ಪತ್ತೇದಾರರು ಇಂಥ ಸಣ್ಣಪುಟ್ಟದ್ದನ್ನೆಲ್ಲ ಕೇಳುತ್ತಾ ಕೂರುತ್ತಾರೆಯೇ?

ಮನೆಯಲ್ಲಿ ಪುಟ್ಟಮ್ಮಣ್ಣಿ ಎಂಬ ಹಿರಿಯರು ಕಾಲಿಗೆ ನೀರು ಕೊಟ್ಟರು. ಹಣೆ ತುಂಬ ವಿಭೂತಿ, ಮುಖ ತುಂಬ ನಗು. ಕೂತು ಏಳುವಷ್ಟರಲ್ಲಿ ಬಾಳೆ ಎಲೆ ಬಿತ್ತು. ಕೋಸಂಬರಿ, ಪಲ್ಯ, ಅನ್ನ, ತಿಳಿಸಾರು. ನಂತರ ಶಾವಿಗೆ ಪಾಯಸ. ಹೂವಿನ ವ್ಯಾಪಾರಿಗೆ ಪಾಯಸ ಯಾಕೆ ಎಂಬ ಪ್ರಶ್ನೆ ನನಗೆ ಬಂತು, ಬರಲಿಲ್ಲ ಎನ್ನುವುದಿಲ್ಲ. ಉತ್ತರವನ್ನೂ ನಾನೇ ಕಂಡುಹಿಡಿದೆ: ಈ ವರ್ಷ ಹೂವಿಗೆ ಗಿರಾಕಿ ಇಲ್ಲ, ಹೇಗಾದರೂ ಮಾಡಿ ನನ್ನ ತಲೆಗೆ ಕಟ್ಟಬೇಕು ಅಂತಿದ್ದಾರೆ. ಎಂಥ ತರ್ಕ! ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಇಲ್ಲಿ ಬೇರೆ ಕಡೆಯ ಓದುಗರಿಗೆ ಒಂದು ಮಾತು ಹೇಳಬೇಕು. ಹೆಣ್ಣು ಗಂಡಿನ ಮಾತುಕತೆ ನಡೆಯುವಾಗ ನಾವು ಒಬ್ಬರ ಮನೆಯಲ್ಲಿ ಒಬ್ಬರು ಸಿಹಿಯೂಟ ಮಾಡುವುದಿಲ್ಲ. ಕಾಫಿಗೆ ಮುಗಿಸುತ್ತೇವೆ. ಎಲೆಯ ಮುಂದೆ ಕೂತು ಸಿಹಿ ಉಂಡು, ಮನೆಯ ಹಿರಿಯರು ತಟ್ಟೆಯಲ್ಲಿಟ್ಟು ಕೊಡುವ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರೆ ಮುಗಿಯಿತು. ಮಾತು ಕೊಟ್ಟ ಹಾಗೆ. ಅದಕ್ಕೆ ಸಹಿ ಬೇಡ, ಸಾಕ್ಷಿ ಬೇಡ. ಹಿಡಿದ ವೀಳ್ಯವನ್ನು ವಾಪಸ್ ಕೊಟ್ಟರೆ ಆ ಎರಡು ಮನೆಗಳು ಮತ್ತೆ ಮುಖ ನೋಡುವುದಿಲ್ಲ.

ಹೊರಡಲು ಎದ್ದೆ. ಪುಟ್ಟಮ್ಮಣ್ಣಿಯವರು ಒಳಗಿನಿಂದ ತಟ್ಟೆ ಹಿಡಿದು ಬಂದರು. ವೀಳ್ಯದೆಲೆ, ಅಡಿಕೆ, ಮೇಲೊಂದು ಜುಟ್ಟು ಬಿಟ್ಟ ಕಾಯಿ.

‘ಅವ್ವಾ, ತಡಿಯವ್ವಾ...’ ಎಂದರು ಮಲ್ಲಪ್ಪ.

ಅಷ್ಟರಲ್ಲಿ ನನ್ನ ಕೈಗಳು ಮುಂದೆ ಹೋಗಿಬಿಟ್ಟಿದ್ದವು. ಹುಟ್ಟಿದಾಗಿನಿಂದ ಹಿರಿಯರು ತಟ್ಟೆ ಹಿಡಿದರೆ ಚಾಚಿ ಅಭ್ಯಾಸವಾದ ಕೈಗಳು. ಅವುಗಳಿಗೆ ನಾನು ಬತ್ತೇರಿ ವ್ಯಾಪಾರಿ ಎಂದು ಯಾರೂ ಹೇಳಿರಲಿಲ್ಲ. ಕಾಯಿ ತೆಗೆದುಕೊಂಡೆ, ಕಣ್ಣಿಗೆ ಒತ್ತಿಕೊಂಡೆ. ಬಗ್ಗಿ ಅವರ ಕಾಲು ಮುಟ್ಟಿದಾಗ ಟೋಪಿ ಕೆಳಗೆ ಬಿತ್ತು.

ಆ ತಾಯಿಯ ಕಣ್ಣಲ್ಲಿ ನೀರು. ‘ನಮ್ ನಂದೀಸಂಗೆ ಅವ್ವ ಇಲ್ಲ ಕಣಪ್ಪ. ಇನ್ ನಂಗೆ ಯೋಚ್ನೆ ಇಲ್ಲ. ಮಗೀಗೆ ಏಳಪ್ಪ, ಅಜ್ಜಿ ಕಾಯ್ತಾ ಕೂತವ್ಳೆ ಅಂತ.’

ಯಾವ ಮಗು? ಎಲ್ಲಿಯ ಅಜ್ಜಿ? ನಾನು ಮಲ್ಲಪ್ಪನವರ ಮುಖ ನೋಡಿದೆ.

‘ಬೀಗ್ರೇ, ಈಗ್ಲಾದ್ರೂ ಆ ಕನ್ನಡ್ಕ ತಗೀರಿ’ ಎಂದರು ಅವರು. ‘ನಾನು ನಂದೀಸನ ಸೋದರಮಾವ. ನೆಂಟ್ರು ಬತ್ತಾವ್ರೆ ಅಂತ ಅವ್ವಂಗೆ ಪೋನಲ್ಲೇ ಹೇಳಿದ್ದೆ. ತಮಾಸೆ ಮಾಡಿ, ಉಣ್ಸಿ ಕಳ್ಸನ ಅಂತಿದ್ದೆ. ನೀವು ಒಪ್ಪಿಯೇ ಬಂದಿದ್ದೀರಿ ಅಂದ್ಕಂಡು ಅವ್ವ ತಟ್ಟೆನೇ ತಂದ್ಬುಟ್ಳು. ನೀವೂ ತಕ್ಕಂಡ್ಬುಟ್ರಿ!’

‘ನಿಮಗೆ ಹೇಗೆ ಗೊತ್ತಾಯ್ತು?’ ಕನ್ನಡಕ ತೆಗೆಯುತ್ತಾ ಕೇಳಿದೆ.

‘ಏನ್ ಗೊತ್ತಾಗದು ಬುಡಿ! ಬತ್ತೇರಿ ವ್ಯಾಪಾರಿ ಹಣೆ ಮೇಲೆ ಮೂರೆಳೆ ವಿಭೂತಿ. ಹೊಲಕ್ಕೆ ಬಂದು ಹೂವಿನ ರೇಟೇ ಕೇಳ್ದೆ ಇರೋ ವ್ಯಾಪಾರೀನ ನಾನಂತೂ ನೋಡಿರ್ನಿಲ್ಲ. ಅದೂ ಬ್ಯಾಡ, ಹೆಣ್ಣಿನಪ್ಪ ಪೇಪರ್‌ಗೆ ಬರೀತಾರೆ ಅಂತ ಸಂಬಂಧ ತಂದೋರೇ ಹೇಳಿದ್ರು, ಇದ ನೋಡಿ’ ಎಂದು ಜೇಬಿನಿಂದ ಎಣ್ಣೆ ಹಿಡಿದ ಪೇಪರೊಂದನ್ನು ತೆಗೆದು ಬಿಡಿಸಿದರು.

ವಡೆ ಕಟ್ಟಿಕೊಟ್ಟಿದ್ದ ಪೇಪರು. ಅದರಲ್ಲಿ ನನ್ನ ಅಂಕಣ. ಅಂಕಣದ ತಲೆಯ ಮೇಲೆ ನನ್ನ ಫೋಟೋ. ನೀವು ಈಗ ಮೇಲೆ ನೋಡುತ್ತಿದ್ದೀರಲ್ಲ, ಅದೇ ಫೋಟೋ.

ಇಷ್ಟು ವರ್ಷ ವಾರ ವಾರ ಫೋಟೋ ಸಮೇತ ಬರೆದು, ಬಸ್ಸಿನಲ್ಲಿ ಯಾರಾದರೂ ಗುರುತಿಸಲಿ ಎಂದು ಮುಖ ಮುಂದೆ ಮಾಡಿಕೊಂಡು ಕೂರುವ ಆಸಾಮಿ ನಾನು. ಒಂದೇ ಒಂದು ದಿನ ಯಾರೂ ಗುರುತಿಸಬಾರದು ಅಂದುಕೊಂಡು ಮನೆಯಿಂದ ಹೊರಟಿದ್ದೆ!

ಬಸ್ಸಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕೆಳಗಿಡುವಂತಿಲ್ಲ, ಎಸೆಯುವಂತಿಲ್ಲ. ಮನೆ ಹತ್ತಿರವಾದಂತೆ ಅದು ಭಾರವಾಗುತ್ತಾ ಹೋಯಿತು. ಪುಟ್ಟಮ್ಮಣ್ಣಿಯವರ ಕಣ್ಣೀರು ಒಂದು ಕಡೆ. ‘ಯಾರೂ ಏನೂ ಹೇಳ್ಬೇಡಿ’ ಎಂದ ಮಗಳು ಇನ್ನೊಂದು ಕಡೆ. ನಡುವೆ ಕಪ್ಪು ಕನ್ನಡಕದ ನಾನು.

ಗಿರಿಜ ಬಾಗಿಲು ತೆರೆದವಳೇ ಕಾಯಿ ನೋಡಿದಳು. ಅವಳಿಗೆ ವಿವರಿಸಬೇಕಾಗಿರಲಿಲ್ಲ, ಅವಳೂ ಇದೇ ಸೀಮೆಯವಳು. ‘ಸಿಂಚನಾಗೆ ಏನಂತ ಹೇಳ್ತೀರಿ?’ ಎಂದಷ್ಟೇ ಕೇಳಿ, ಕಾಯಿ ಇಸಿದುಕೊಂಡು ದೇವರ ಗೂಡಿನಲ್ಲಿಟ್ಟಳು.

ಸಿಂಚನ ಸಂಜೆ ಬಂದಳು. ಹೇಳಿದೆ. ಎಲ್ಲವನ್ನೂ ಹೇಳಿದೆ, ಟೋಪಿ ಬಿದ್ದದ್ದನ್ನೂ. ನಗುತ್ತಾಳೆ ಎಂದು ಆಸೆಯಿತ್ತು. ನಗಲಿಲ್ಲ. ಬ್ಯಾಗು ಹೆಗಲಿನಿಂದ ಇಳಿಸದೆ ನಿಂತೇ ಕೇಳಿಸಿಕೊಂಡಳು.

‘ವಿಚಾರಿಸ್ದೆ ಅಂದ್ಯಲ್ಲ, ಏನೇನ್ ವಿಚಾರಿಸ್ದೆ?’

ನನಗೆ ಸ್ವಲ್ಪ ಧೈರ್ಯ ಬಂತು. ಹುಡುಗ ಕುಡಿಯುವುದಿಲ್ಲ. ಇಸ್ಪೀಟಿಲ್ಲ. ಅಜ್ಜಿ ದೇವರಂಥವರು. ಬೋರ್‌ವೆಲ್ಲಿನಲ್ಲಿ ನೀರಿದೆ. ಅವರ ಮನೆಯ ಎಮ್ಮೆಯ ಹೆಸರು ಗಂಗೆ.

‘ಮದುವೆ ಆದ್ಮೇಲೆ ನಾನು ಬದನಗುಪ್ಪೆ ಕೆಲಸ ಬಿಡ್ಬೇಕಾ? ಅದನ್ನ ಕೇಳಿದ್ಯಾ?’

ಮೇಜಿನ ಮೇಲಿದ್ದ ಕಪ್ಪು ಕನ್ನಡಕವನ್ನು ನಾನು ಪೇಪರಿನಡಿಗೆ ತಳ್ಳಿದೆ.

‘ನಾನು ಮಾತಾಡ್ಬೇಕು ಅಂದಿದ್ದು ಅದೊಂದನ್ನೇ ಅಪ್ಪ. ಆ ಕೆಲಸ ಬಿಡೋ ಹಾಗಿದ್ರೆ ನಂಗೆ ಈ ಮದುವೆ ಬೇಡ. ಈಗ ಅವರು ಬಿಡು ಅಂದ್ರೆ ನಾನೇನ್ ಮಾಡ್ಲಿ? ನೀನು ಕಾಯಿ ಹಿಡ್ಕಂಡ್ ಬಂದಿದೀಯ.’

ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ನಾಚಿಕೆಯಾಯಿತು. ಡಿಗ್ರಿ ಮುಗಿಸಿ ಎಷ್ಟೊಂದು ಇಂಟರ್‌ವ್ಯೂಗೆ ಅಲೆದು ಹಿಡಿದ ಕೆಲಸ ಅದು. ಮೊದಲ ದಿನ ಫ್ಯಾಕ್ಟರಿಯ ಗೇಟಿನವರೆಗೂ ಬಿಟ್ಟುಬಂದವನು ನಾನೇ. ಗುಂಡ್ಲುಪೇಟೆಗೆ ಹೋಗಿ ಎಮ್ಮೆಯ ಹೆಸರು ತಿಳಿದುಕೊಂಡು ಬಂದೆ, ಮಗಳ ಕೆಲಸದ ಗತಿ ಏನು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ.

‘ಆ ಕಾಯಿ ಒಡೀಬೇಡಮ್ಮ’ ಎಂದು ಗಿರಿಜಾಳಿಗೆ ಹೇಳಿ ಸಿಂಚನ ಒಳಗೆ ಹೋದಳು.

ಮಲ್ಲಪ್ಪನವರಿಂದ ಹುಡುಗನ ನಂಬರು ತರಿಸಿಕೊಂಡು ಅವಳೇ ಫೋನು ಮಾಡಿದಳು. ಬಾಗಿಲು ಮುಚ್ಚಿತ್ತು. ನಾನು ಹೊರಗೆ ಪೇಪರು ಹಿಡಿದು ಕೂತೆ, ತಲೆಕೆಳಗಾಗಿ. ಹೊರಬಂದು ‘ಯೋಚನೆ ಮಾಡಿ ಹೇಳ್ತೀನಿ, ಎರಡು ದಿನ ಕೊಡಿ ಅಂದ್ರು’ ಎಂದು ಅವಳ ಅಮ್ಮನಿಗೆ ಹೇಳಿದಳು. ನನಗಲ್ಲ.

ಆ ಎರಡು ದಿನ ನಮ್ಮ ಮನೆಯಲ್ಲಿ ಆ ಕಾಯಿಯೇ ಯಜಮಾನ. ಪೂಜೆಗೆ ಕೂತರೆ ಶಿವನಿಗಿಂತ ಮೊದಲು ಅದು ಕಾಣುತ್ತಿತ್ತು. ಜುಟ್ಟಿನ ಅಡಿಯಿಂದಲೇ ಅದರ ಮೂರು ಕಣ್ಣೂ ನನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು.

ಯೋಚಿಸಿ ನೋಡಿ. ನಾವು ಯಾರನ್ನು ತಾನೇ ಕೇಳುವುದಿಲ್ಲ? ಹೊಟ್ಟೆನೋವಿಗೆ ಮೊಬೈಲನ್ನು ಕೇಳುತ್ತೇವೆ. ಮಕ್ಕಳ ಕಾಲೇಜಿಗೆ ಪಕ್ಕದ ಮನೆಯವರನ್ನು ಕೇಳುತ್ತೇವೆ. ಮದುವೆಗೆ ಕ್ಷೌರದ ಅಂಗಡಿಯನ್ನು ಕೇಳುತ್ತೇವೆ. ಮನೆಯೊಳಗಿನವರು ಮಾತ್ರ ನಮಗೆ ಪೂರ್ತಿ ಗೊತ್ತಿರುವವರು! ದಿನಾ ಒಟ್ಟಿಗೆ ಕೂತು ಉಣ್ಣುವುದಕ್ಕೂ ಒಬ್ಬರ ಮನಸ್ಸು ಒಬ್ಬರಿಗೆ ತಿಳಿದಿರುವುದಕ್ಕೂ ಸಂಬಂಧವಿದೆ ಎಂದು ನಮಗೆ ಹೇಳಿದವರು ಯಾರು?

ಹೀಗೆಲ್ಲ ವೇದಾಂತ ಯೋಚಿಸಿದ ಮೇಲಾದರೂ ನಾನು ಬುದ್ಧಿ ಕಲಿತೆ ಎಂದುಕೊಂಡಿರಾ? ಇಲ್ಲ.

ಗುರುವಾರ ಸಂಜೆ ಸಿಂಚನ ಕೆಲಸದಿಂದ ತಡವಾಗಿ ಬಂದಳು. ನಾನು ಪೇಪರಿನ ಮರೆಯಿಂದ ಗಮನಿಸಿದೆ. ಕಾಫಿ ಬೇಡ ಎಂದಳು. ಕಣ್ಣು ಕೆಂಪಗಿತ್ತು. ಚಪ್ಪಲಿಗೆ ಕೆಂಪು ಮಣ್ಣು. ನೇರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಿರಿಜಾಳೂ ಹಿಂದೆಯೇ ಹೋದಳು. ಒಳಗೆ ಪಿಸುಮಾತು.

ಕೇಸು ಸ್ಪಷ್ಟವಾಗಿತ್ತು. ಹುಡುಗ ‘ಕೆಲಸ ಬಿಡು’ ಎಂದಿದ್ದಾನೆ. ಇವಳು ಎಲ್ಲೋ ಒಬ್ಬಳೇ ಕೂತು ಅತ್ತು ಬಂದಿದ್ದಾಳೆ. ಸಂಬಂಧ ಮುರಿದುಬಿತ್ತು.

ಆ ಕ್ಷಣದಲ್ಲಿ ನಾನೊಂದು ತೀರ್ಮಾನಕ್ಕೆ ಬಂದೆ ಓದುಗರೇ, ಅದಕ್ಕೆ ಬೇಕಾದರೆ ಒಂದು ಮಾರ್ಕು ಕೊಡಿ. ಮಗಳು ಬೇಡ ಎಂದರೆ ಬೇಡ. ವೀಳ್ಯ ಹಿಡಿದದ್ದು ನಾನು, ವಾಪಸ್ ಕೊಡಬೇಕಾದವನೂ ನಾನು. ಪುಟ್ಟಮ್ಮಣ್ಣಿಯವರ ಕಾಲು ಹಿಡಿಯುತ್ತೇನೆ, ಊರವರು ಉಗಿದರೆ ಉಗಿಸಿಕೊಳ್ಳುತ್ತೇನೆ. ಹಿತ್ತಲಿಗೆ ಹೋಗಿ ಮಲ್ಲಪ್ಪನವರಿಗೆ ಫೋನು ಮಾಡಿದೆ.

‘ಮಲ್ಲಪ್ಪನವ್ರೇ, ತಪ್ಪು ತಿಳ್ಕಬೇಡಿ. ಕಾಯಿ ತಂದು ಒಪ್ಪಿಸ್ಬುಡ್ತೀನಿ. ನಮ್ಮ ಹುಡುಗಿ ಕೆಲಸ ಬುಡಲ್ಲ. ನಾನೂ ಬುಡು ಅನ್ನಲ್ಲ.’

ಆ ಕಡೆ ಜೋರು ನಗು.

‘ಏನ್ ಬೀಗ್ರೇ, ನೀವ್ ಎಲ್ಲಿದ್ದೀರಿ? ಕೆಲ್ಸ ಬುಡು ಅಂದೋರ್ ಯಾರು? ನಮ್ ನಂದೀಸ ನಿನ್ನೆ ಮೊದಲ್ನೇ ಬಸ್ ಹತ್ತಿ ಬದನಗುಪ್ಪೆ ಗೇಟ್‌ಗಂಟ ಓಗ್ಬಂದ. ಗುಂಡ್ಲುಪೇಟೆಯಿಂದ ಓದ್ರೆ ಟೈಮ್‌ಗೆ ಮುಟ್ಟಕಾಗಲ್ಲ ಅಂದ. ಅದ್ಕೆ ತೆರಕಣಾಂಬೀಲಿ ಮನೆ ಮಾಡದು. ಅವ್ಳು ಅತ್ಲಾಗ್ ಓಗದು, ಇವ್ನು ಇತ್ಲಾಗ್ ಅಂಗ್ಡಿಗ್ ಬರದು. ಇವತ್ತು ಇಬ್ರೂ ಓಗಿ ಮನೇನೂ ನೋಡ್ಕಂಡ್ ಬಂದವ್ರೆ. ಇನ್ನೂ ಗೋಡೆ ಏಳ್ತಾ ಅದಂತೆ, ಒಳಗೆಲ್ಲ ಕೆಮ್ಮಣ್ಣು, ಧೂಳಂತೆ. ನಿಮ್ಮುಡ್ಗಿ ಒಪ್ಪಾಯ್ತು. ಅವ್ವ ಬೀದಿಗೆಲ್ಲ ಸಕ್ರೆ ಹಂಚ್ತು. ನಿಮ್ಗಿನ್ನೂ ಗೊತ್ತಿಲ್ವಾ?’

ಚಪ್ಪಲಿಯ ಮಣ್ಣು. ಕಣ್ಣಿಗೆ ಬಿದ್ದ ಧೂಳು.

ನನ್ನ ಮನೆಯ ರೂಮಿನೊಳಗೆ ಏನಾಗಿದೆ ಎಂಬ ಸುದ್ದಿ ನನಗೆ ಗುಂಡ್ಲುಪೇಟೆಯಿಂದ ಬಂದಿತ್ತು. ಆ ಹುಡುಗನ ಮೇಲೆ ನನಗೆ ಒಮ್ಮೆಲೇ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ವೇಷವಿಲ್ಲ, ಕನ್ನಡಕವಿಲ್ಲ. ಬಸ್ಸು ಹತ್ತಿ ಹೋಗಿ ನೋಡಿ ಬಂದಿದ್ದಾನೆ, ಬಂದು ಅವಳನ್ನೇ ಕೇಳಿದ್ದಾನೆ.

ಒಳಗೆ ಬಂದೆ. ದೇವರ ಗೂಡಿನ ಮುಂದೆ ಗಿರಿಜ ಕಾಯಿಯ ನಾರು ಕೀಳುತ್ತಿದ್ದಳು. ಸಿಂಚನ ಪಕ್ಕದಲ್ಲಿ ದೀಪಕ್ಕೆ ಎಣ್ಣೆ ಬಿಡುತ್ತಿದ್ದಳು. ನನ್ನ ಮುಖ ನೋಡಿ ತುಟಿ ಕಚ್ಚಿಕೊಂಡಳು. ಸೋಮವಾರದಿಂದ ನಗದವಳು ಈಗ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ನನ್ನ ಜೀವಕ್ಕೆ ಅಷ್ಟು ಸಾಕಾಗಿತ್ತು. ಆದರೂ ಗಂಡಸಿನ ಗತ್ತು ಎಲ್ಲಿ ಹೋಗಬೇಕು? ಗಿರಿಜಾಳನ್ನು ತರಾಟೆಗೆ ತೆಗೆದುಕೊಂಡೆ.

‘ನಿಂಗೆ ಗೊತ್ತಿತ್ತಾ?’

‘ಹ್ಞೂಂ.’

‘ಯಾವಾಗಿಂದ?’

‘ನಿನ್ನೆಯಿಂದ.’

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’

ಗಿರಿಜ ಕಾಯಿಯನ್ನು ಕಲ್ಲಿಗೆ ಕುಟ್ಟಿದಳು. ಒಂದೇ ಏಟಿಗೆ ಎರಡು ಹೋಳು. ಕಾಯಿ ನೀರನ್ನು ಬಟ್ಟಲಿಗೆ ಬಸಿಯುತ್ತಾ, ತಲೆ ಎತ್ತದೆ ಹೇಳಿದಳು:

‘ನೀವೆಲ್ಲಿ ಕೇಳಿದ್ರಿ?’